ಹಬ್ಬದ ಎಲೆಗೆ ಮಾದಲಿ: ಕೃಷ್ಣಾ ತೀರದ ಐದು ತಾಲ್ಲೂಕುಗಳ ಸಿಹಿ

ಕಾಫಿ ಕೊಯ್ಲು ಮುಗಿದು, ಬೇಯಿಸಿದ ಅಡಿಕೆ ಅಟ್ಟದಿಂದ ಇಳಿದು, ಕೈಗೆ ನಾಲ್ಕು ಕಾಸು ಬರುವ ಹೊತ್ತಿಗೆ ನಮ್ಮ ಕಡೆ ಜಾತ್ರೆಗಳು, ಮದುವೆಗಳು, ಹಬ್ಬಗಳು ಒಂದರ ಹಿಂದೊಂದು ಬರುತ್ತವೆ. ಈ ಪತ್ರಿಕೆಯಲ್ಲಿ ನಾವು ಸಾಮಾನ್ಯವಾಗಿ ಬರೆಯುವುದು ಬೋರ್ಡೋ ದ್ರಾವಣ, ಕೊಳೆರೋಗ, ಕಾಯಿಕೊರಕ, ಸಾಲದ ಕಂತು ಮೊದಲಾದ ವಿಷಯಗಳನ್ನು. ಈ ಸಲ ಅವುಗಳನ್ನು ಸ್ವಲ್ಪ ಬದಿಗಿಟ್ಟು, ಸದಸ್ಯ ಬಾಂಧವರ ಮನೆಯವರಿಗೂ ಉಪಯೋಗವಾಗುವ ಒಂದು ಅಡಿಗೆಯ ವಿಷಯವನ್ನು ಎತ್ತಿಕೊಂಡಿದ್ದೇವೆ. ಅಡಿಗೆಯ ಮಾತೆಂದು ಗಂಡಸರು ಹಾಳೆ ತಿರುವಿಹಾಕದಿರಲಿ. ಇದರಲ್ಲಿ ಬೆಳೆಯ ಮಾತೂ ಇದೆ, ಬೆಲೆಯ ಮಾತೂ ಇದೆ.

ಬೆಳಗಾವಿ ಜಿಲ್ಲೆಯ ಉತ್ತರ ಭಾಗದಲ್ಲಿ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಎಂಬ ಐದು ತಾಲ್ಲೂಕುಗಳಿವೆ. ಅಲ್ಲಿಯ ಮನೆಗಳಲ್ಲಿ ಹಬ್ಬಕ್ಕೆ ಮಾಡುವ ಮಾದಲಿ ಎಂಬ ಸಿಹಿಯನ್ನು ಉಂಡು, ಮಾಡುವವರನ್ನು ಕೇಳಿ ತಿಳಿದು, ನಮ್ಮ ಮನೆಯಲ್ಲೂ ಮಾಡಿ ನೋಡಿದ ಮೇಲೆ ಇದನ್ನು ಬರೆಯುತ್ತಿದ್ದೇವೆ.

ಪುಡಿಂಗೂ ಮಾದಲಿಯೂ

ಕಾಫಿ ಸೀಮೆಯವರಿಗೆ ಬ್ರೆಡ್ ಪುಡಿಂಗ್ ಹೊಸದಲ್ಲ. ದೊರೆಗಳ ಕಾಲದ ಎಸ್ಟೇಟ್ ಬಂಗಲೆಗಳ ಅಡಿಗೆಮನೆಯಿಂದ ಅದು ನಮ್ಮಲ್ಲಿ ಹಲವರ ಮನೆಗೆ ಇಳಿದು ಬಂದಿದೆ. ಹಿಂದಿನ ದಿನದ ಬ್ರೆಡ್ಡನ್ನು ಚೂರು ಮಾಡಿ, ಹಾಲು, ಮೊಟ್ಟೆ, ಸಕ್ಕರೆ, ಬೆಣ್ಣೆ, ಒಣದ್ರಾಕ್ಷಿಗಳೊಡನೆ ನೆನೆಸಿ, ಮೇಲಿಂದ ಒಂದಿಷ್ಟು ಜಾಯಿಕಾಯಿ ಉಜ್ಜಿ, ಹಬೆಯಲ್ಲೋ ಓವನ್ನಿನಲ್ಲೋ ಬೇಯಿಸುವುದು ಅದರ ಕ್ರಮ. ಹೈದರಾಬಾದಿನ ಕಡೆ ಅದಕ್ಕೆ ಸಮನಾದದ್ದು ಡಬಲ್ ಕಾ ಮೀಠಾ. ಅಲ್ಲಿ ಬ್ರೆಡ್ಡಿಗೆ ಡಬಲ್ ರೋಟಿ ಎನ್ನುತ್ತಾರೆ. ಅದನ್ನು ತುಪ್ಪದಲ್ಲಿ ಕರಿದು, ಸಕ್ಕರೆ ಪಾಕ ಮತ್ತು ಗಟ್ಟಿ ಹಾಲಿನಲ್ಲಿ ನೆನೆಸುತ್ತಾರೆ.

ಸ್ವಲ್ಪ ಯೋಚಿಸಿದರೆ ಇವೆಲ್ಲದರ ಮೂಲ ಒಂದೇ. ರೊಟ್ಟಿ, ಸಿಹಿ, ಜಿಡ್ಡು, ಹಾಲು, ಸಾಂಬಾರ ಪದಾರ್ಥ, ಈ ಐದು ಸೇರಿದರೆ ಹಬ್ಬದ ಊಟವಾಗುತ್ತದೆ. ಬೇಕರಿಯ ಬ್ರೆಡ್ಡನ್ನು ಕಾಣದ ಕಾಲದಲ್ಲೂ ಗೋಧಿ ಬೆಳೆಯುವ ಸೀಮೆಯ ಜನ ಇದನ್ನು ತಮ್ಮದೇ ರೀತಿಯಲ್ಲಿ ಮಾಡಿಕೊಂಡಿದ್ದರು. ರಾಜಸ್ಥಾನದವರು ಬಾಟಿಯನ್ನು ಪುಡಿ ಮಾಡಿ ಚೂರ್ಮಾ ಮಾಡಿದರು. ದರ್ಗಾಗಳಲ್ಲಿ ಚಪಾತಿಯನ್ನು ಬೆಲ್ಲ, ತುಪ್ಪದೊಡನೆ ಹಿಸುಕಿ ಮಲೀದಾ ಹಂಚುವ ಪದ್ಧತಿ ಬೆಳೆಯಿತು. ನಮ್ಮ ಉತ್ತರ ಕರ್ನಾಟಕದವರು ಮಾದಲಿ ಮಾಡಿದರು. ಗೋಧಿಯ ದಪ್ಪ ರೊಟ್ಟಿಗಳನ್ನು ಬೇಯಿಸಿ, ಕುಟ್ಟಿ ತರಿ ಮಾಡಿ, ಬೆಲ್ಲ, ಕೊಬ್ಬರಿ, ಗಸಗಸೆ, ಪುಟಾಣಿ, ಏಲಕ್ಕಿ ಬೆರೆಸಿ, ಎಲೆಯ ಮೇಲೆ ಬಿಸಿ ಹಾಲು ಮತ್ತು ತುಪ್ಪ ಹಾಕಿಕೊಂಡು ಉಣ್ಣುವುದೇ ಮಾದಲಿ.

ಒಂದು ಮುಖ್ಯ ವ್ಯತ್ಯಾಸವನ್ನು ಗಮನಿಸಬೇಕು. ಪುಡಿಂಗಿಗೆ ಹಾಲನ್ನು ಮೊದಲೇ ಸೇರಿಸಿ ಬೇಯಿಸುತ್ತಾರೆ. ಆದ್ದರಿಂದ ಅದು ಮರುದಿನಕ್ಕೆ ಹಳಸುವ ಪದಾರ್ಥ. ಮಾದಲಿಗೆ ಹಾಲು ಬೀಳುವುದು ಎಲೆಯಲ್ಲಿ. ಅಲ್ಲಿಯವರೆಗೂ ಅದು ಒಣ ಪುಡಿಯಾಗಿಯೇ ಇರುತ್ತದೆ. ಬಯಲುಸೀಮೆಯ ಒಣ ಹವೆಯಲ್ಲಿ ಹತ್ತು ಹನ್ನೆರಡು ದಿನವಾದರೂ ಕೆಡುವುದಿಲ್ಲ. ಮದುವೆಯ ಮನೆಯವರು ನಾಲ್ಕು ದಿನ ಮುಂಚೆಯೇ ಮಾಡಿ ತುಂಬಿಡಬಹುದು. ಬಂಡಿ ಕಟ್ಟಿಕೊಂಡು ಜಾತ್ರೆಗೆ ಹೊರಟವರು ಗಂಟಿನಲ್ಲಿ ಕಟ್ಟಿಕೊಂಡು ಹೋಗಬಹುದು. ರಾಯಬಾಗ ತಾಲ್ಲೂಕಿನ ಚಿಂಚಲಿಯಲ್ಲಿ ಮಾಘ ಮಾಸದಲ್ಲಿ ಮಾಯಕ್ಕದೇವಿಯ ದೊಡ್ಡ ಜಾತ್ರೆ ನೆರೆಯುತ್ತದೆ. ಮಹಾರಾಷ್ಟ್ರದ ಕಡೆಯಿಂದಲೂ ಭಕ್ತರು ಬರುತ್ತಾರೆ. ದಾರಿಯಲ್ಲಿ ಎರಡು ಮೂರು ದಿನ ಕಳೆಯಬೇಕಾದ ಇಂಥ ಸೀಮೆಯಲ್ಲಿ ಕೆಡದ ಸಿಹಿಗೆ ಬೆಲೆ ಬಂದದ್ದು ಸಹಜವೇ.

ಮಾದಲಿ ಒಂದು ಮನೆಯ ಅಡಿಗೆ ಮಾತ್ರವಲ್ಲ, ಸಾವಿರಾರು ಜನಕ್ಕೆ ಬಡಿಸುವ ಅಡಿಗೆಯೂ ಹೌದು. ಕೊಪ್ಪಳದ ಗವಿಮಠದ ಜಾತ್ರೆಯ ಮಹಾದಾಸೋಹದಲ್ಲಿ ರೊಟ್ಟಿಯ ಜೊತೆಗೆ ಮಾದಲಿ ಬಡಿಸುವುದನ್ನು ನೋಡಿದವರು ನಮ್ಮ ಸದಸ್ಯರಲ್ಲೂ ಇರಬಹುದು. ಊರೂರಿನ ಮನೆಗಳಿಂದ ರೊಟ್ಟಿ, ಸಿಹಿ, ದವಸಗಳು ಬಂದು ಒಂದೆಡೆ ಸೇರಿ ಲಕ್ಷಾಂತರ ಜನರ ಊಟವಾಗುತ್ತದೆ. ಸಹಕಾರ ಎಂದರೇನೆಂದು ತರಗತಿಯಲ್ಲಿ ಹೇಳಿಕೊಡುವುದಕ್ಕಿಂತ ಆ ಪಂಕ್ತಿಯನ್ನು ತೋರಿಸುವುದು ಸುಲಭ.

ಆ ಸೀಮೆಯ ಬೆಳೆಗಳು

ಈ ಐದು ತಾಲ್ಲೂಕುಗಳು 1956ರವರೆಗೆ ಮುಂಬಯಿ ರಾಜ್ಯದಲ್ಲಿದ್ದು, ಆ ವರ್ಷದ ನವೆಂಬರ್ 1ರಂದು ಬೆಳಗಾವಿ ಜಿಲ್ಲೆಯೊಡನೆ ವಿಶಾಲ ಮೈಸೂರು ರಾಜ್ಯಕ್ಕೆ ಸೇರಿದವು. ನಿಪ್ಪಾಣಿ ಮತ್ತು ಕಾಗವಾಡ ಪ್ರತ್ಯೇಕ ತಾಲ್ಲೂಕುಗಳಾದದ್ದು ಈಚೆಗೆ. ಕನ್ನಡ ಮರಾಠಿ ಎರಡೂ ಮನೆಮಾತಾಗಿರುವ ಸೀಮೆ. ಕೃಷ್ಣೆ, ದೂಧಗಂಗೆ, ವೇದಗಂಗೆಗಳ ದಂಡೆಯಲ್ಲಿ ಎರೆಭೂಮಿಯ ಹೊಲಗಳಿವೆ. ಹೊಳೆಯ ನೀರು ಎತ್ತುವಲ್ಲಿ ಕಬ್ಬು, ನೀರು ಸಿಗದ ಕಡೆ ಜೋಳ, ಕಡಲೆ, ಗೋಧಿ. ನಿಪ್ಪಾಣಿಯ ಸುತ್ತ ತಂಬಾಕು.

ಮಾದಲಿಯ ಸಾಮಾನಿನ ಪಟ್ಟಿ ನೋಡಿದರೆ ಅದು ಆ ಸೀಮೆಯ ಹೊಲದ ಪಟ್ಟಿಯೇ. ಗೋಧಿ ಹೊಲದ್ದು, ಕಡಲೆ ಹೊಲದ್ದು, ಬೆಲ್ಲ ಗಾಣದ್ದು, ಹಾಲು ತುಪ್ಪ ಹಿತ್ತಲಿನ ಎಮ್ಮೆಯದು. ಕೊಂಡು ತರಬೇಕಾದ್ದು ಕೊಬ್ಬರಿ, ಗಸಗಸೆ, ಏಲಕ್ಕಿ, ಜಾಯಿಕಾಯಿಗಳನ್ನು ಮಾತ್ರ. ಕೊನೆಯ ಎರಡು ಹೋಗುವುದು ನಮ್ಮಂಥವರ ತೋಟಗಳಿಂದ. ನಾವು ಒಣಗಿಸಿ ಮೂಟೆ ಕಟ್ಟಿ ಕಳಿಸಿದ ಏಲಕ್ಕಿ ಎಲ್ಲಿ ಹೋಗಿ ಏನಾಗುತ್ತದೆ ಎಂದು ನಮ್ಮಲ್ಲಿ ಯೋಚಿಸುವವರು ಕಡಿಮೆ. ಅಥಣಿಯ ಮನೆಯೊಂದರ ಮಾದಲಿಯ ಪರಾತದಲ್ಲಿ ಅದರ ಪರಿಮಳ ಬಂದಾಗ ಆ ಯೋಚನೆ ತಾನಾಗಿಯೇ ಬರುತ್ತದೆ.

ಯಾವ ಗೋಧಿ?

ಮಾದಲಿಗೆ ಎಲ್ಲ ಗೋಧಿಯೂ ಒಗ್ಗುವುದಿಲ್ಲ. ತಿಳಿದವರು ಕೇಳುವುದು ಜವೆ ಗೋಧಿಯನ್ನು. ಇದಕ್ಕೆ ಸದಕ ಎಂದೂ, ಗಡಿಯ ಕಡೆ ಖಪಲಿ ಎಂದೂ ಹೆಸರುಂಟು. ಕೆಂಪು ಛಾಯೆಯ, ಉದ್ದನೆಯ, ಗಡುಸಾದ ಕಾಳು. ಶಾವಿಗೆ, ಹುಗ್ಗಿ, ಹೋಳಿಗೆ, ಮಾದಲಿಗಳಿಗೆ ಇದರ ರವೆ ಹೇಳಿ ಮಾಡಿಸಿದಂತಿರುತ್ತದೆ. ಬೇಯಿಸಿದರೂ ಅಂಟಾಗದೆ ಬಿಡಿಬಿಡಿಯಾಗಿ ನಿಲ್ಲುತ್ತದೆ. ಮಾಮೂಲಿ ಗೋಧಿಯ ನುಣ್ಣನೆಯ ಹಿಟ್ಟಿನಲ್ಲಿ ಮಾದಲಿ ಮಾಡಿದರೆ ಹಾಲು ಬಿದ್ದೊಡನೆ ಅಂಬಲಿಯಂತಾಗುತ್ತದೆ. ಜವೆ ಗೋಧಿಯ ತರಿ ಹಾಲನ್ನು ಹೀರಿಕೊಂಡೂ ಬಾಯಿಗೆ ತರಿಯಾಗಿಯೇ ಸಿಗುತ್ತದೆ.

ಇದು ಬಹಳ ಪುರಾತನ ಧಾನ್ಯ. ಪಶ್ಚಿಮ ಏಷ್ಯದಲ್ಲಿ ಸುಮಾರು ಹತ್ತು ಸಾವಿರ ವರ್ಷಗಳ ಹಿಂದೆ ಮನುಷ್ಯ ಮೊದಲು ಪಳಗಿಸಿದ ಗೋಧಿಗಳಲ್ಲಿ ಇದೂ ಒಂದು. ಪ್ರಾಚೀನ ಈಜಿಪ್ಟಿನವರ ಮುಖ್ಯ ಗೋಧಿ ಇದೇ. ಇಟಲಿಯವರು ಇಂದಿಗೂ ಇದನ್ನು ಫಾರೋ ಎಂಬ ಹೆಸರಿನಿಂದ ಉಣ್ಣುತ್ತಾರೆ. ಭಾರತದಲ್ಲಿ ಇದು ಹೆಚ್ಚಾಗಿ ಉಳಿದಿರುವುದು ಉತ್ತರ ಕರ್ನಾಟಕ, ದಕ್ಷಿಣ ಮಹಾರಾಷ್ಟ್ರ, ಗುಜರಾತಿನ ಸೌರಾಷ್ಟ್ರ ಮತ್ತು ತಮಿಳುನಾಡಿನ ಕೆಲವು ಭಾಗಗಳಲ್ಲಿ. ಕುಂಕುಮ ರೋಗವನ್ನೂ ಚಳಿಗಾಲದ ಕೊನೆಯ ಬಿಸಿಲನ್ನೂ ಇದು ಚೆನ್ನಾಗಿ ತಡೆದುಕೊಳ್ಳುತ್ತದೆ. ಅಕ್ಟೋಬರ್, ನವೆಂಬರಿನಲ್ಲಿ ಬಿತ್ತಿದರೆ ಫೆಬ್ರವರಿ, ಮಾರ್ಚಿಯಲ್ಲಿ ಕೊಯ್ಲು.

ಹಾಗಿದ್ದೂ ಈ ಗೋಧಿ ಹಿಂದೆ ಬಿದ್ದದ್ದೇಕೆ? ಕಾರಣಗಳು ಮೂರು. ಮೊದಲನೆಯದು, 1960ರ ದಶಕದ ಕೊನೆಯಲ್ಲಿ ಮೆಕ್ಸಿಕೋ ಮೂಲದ ಗಿಡ್ಡ ತಳಿಗಳು ಬಂದವು. ಗೊಬ್ಬರ, ನೀರು ಕೊಟ್ಟರೆ ಅವುಗಳ ಇಳುವರಿ ಹೆಚ್ಚು. ಜವೆ ಗೋಧಿಯ ಎತ್ತರದ ನಾಟಿ ತಳಿಗಳು ಗೊಬ್ಬರ ಹೆಚ್ಚಿದರೆ ನೆಲಕ್ಕೆ ಒರಗುತ್ತಿದ್ದವು. ಎರಡನೆಯದು, ಇದರ ಕಾಳಿಗೆ ಹೊಟ್ಟು ಬಿಗಿಯಾಗಿ ಅಂಟಿಕೊಂಡಿರುತ್ತದೆ. ಒಕ್ಕಿದರೆ ಸಾಲದು, ಭತ್ತದಂತೆ ಕುಟ್ಟಿಸಬೇಕು. ಆ ಕೂಲಿಯೂ ತೂಕದ ನಷ್ಟವೂ ರೈತನ ಮೇಲೆ. ಮೂರನೆಯದು, ಹೊಳೆಯ ನೀರು ಹೊಲಕ್ಕೆ ಹತ್ತಿದಲ್ಲೆಲ್ಲ ಕಬ್ಬು ಬಂತು. ಕಾಗವಾಡ ತಾಲ್ಲೂಕಿನ ಉಗಾರ ಖುರ್ದದಲ್ಲಿ ಉಗಾರ ಶುಗರ್ ವರ್ಕ್ಸ್ 1939ರಿಂದ ಇದೆ. ಆಮೇಲೆ ಚಿಕ್ಕೋಡಿಯ ದೂಧಗಂಗಾ, ನಿಪ್ಪಾಣಿಯ ಹಾಲಸಿದ್ಧನಾಥ, ಅಥಣಿಯ ಕೃಷ್ಣಾ ಮೊದಲಾದ ಸಹಕಾರಿ ಸಕ್ಕರೆ ಕಾರ್ಖಾನೆಗಳು ಎದ್ದವು. ಕಬ್ಬಿನ ಹಣ ದೊಡ್ಡದು. ಅದರ ಎದುರು ಹಬ್ಬಕ್ಕೆ ಬೇಕಾದ ಗೋಧಿಗೆಂದು ನಾಲ್ಕು ಗುಂಟೆ ಬಿಡುವವರು ಕಡಿಮೆಯಾದರು.

ಧಾರವಾಡದ ಕೃಷಿ ವಿಶ್ವವಿದ್ಯಾನಿಲಯದ ಗೋಧಿ ವಿಜ್ಞಾನಿಗಳು ಈ ವಿಷಯದಲ್ಲಿ ಒಳ್ಳೆಯ ಕೆಲಸ ಮಾಡಿದ್ದಾರೆ. ಡಿಡಿಕೆ 1009, ಡಿಡಿಕೆ 1025, ಡಿಡಿಕೆ 1029 ಎಂಬ ಗಿಡ್ಡ ಜಾತಿಯ ಜವೆ ಗೋಧಿ ತಳಿಗಳು ಅಲ್ಲಿಂದ ಬಂದಿವೆ. ಇವು ಒರಗುವುದಿಲ್ಲ, ಇಳುವರಿಯೂ ಹಳೆಯ ನಾಟಿ ತಳಿಗಳಿಗಿಂತ ಮೇಲು. ಅಂದರೆ ಬೀಜದ ತೊಂದರೆ ಬಹುಮಟ್ಟಿಗೆ ನೀಗಿದೆ. ನೀಗಬೇಕಾದ್ದು ಗಿರಾಕಿಯ ತೊಂದರೆ. ಆ ಮಾತಿಗೆ ಕೊನೆಯಲ್ಲಿ ಬರುತ್ತೇವೆ.

ಯಾವ ಬೆಲ್ಲ?

ಕೊಲ್ಲಾಪುರದ ಬೆಲ್ಲ, ಮಹಾಲಿಂಗಪುರದ ಬೆಲ್ಲ ಎಂದು ಹೆಸರಾದ ಎರಡು ಪೇಟೆಗಳ ನಡುವಿನ ಸೀಮೆ ಇದು. ಅಲ್ಲಿ ಬೆಲ್ಲಕ್ಕೆ ಬರವಿಲ್ಲ, ಆರಿಸಿಕೊಳ್ಳುವುದರಲ್ಲಿ ಮಾತ್ರ ಜಾಣತನ ಬೇಕು. ಗಾಣದಲ್ಲಿ ಕಬ್ಬಿನ ಹಾಲು ಕಾಯುವಾಗ ಬೆಂಡೆಗಿಡದ ಲೋಳೆ ಹಾಕಿ ಕಸ ತೆಗೆಯುವುದು, ಸುಣ್ಣದ ತಿಳಿ ಹಾಕಿ ಹುಳಿ ಮುರಿಯುವುದು ಹಿಂದಿನಿಂದ ಬಂದ ಕ್ರಮ. ಬೆಲ್ಲ ಹಳದಿಯಾಗಿ ಹೊಳೆಯಲೆಂದು ಹೈಡ್ರೋಸ್ ಎಂಬ ರಾಸಾಯನಿಕ ಸುರಿಯುವುದು ಆಮೇಲೆ ಬಂದ ಚಾಳಿ. ಬಿಳಿಚಿದ ಬೆಲ್ಲವನ್ನೇ ಪೇಟೆ ಕೇಳುವುದರಿಂದ ಗಾಣದವನೂ ಹಾಕುತ್ತಾನೆ. ಇದರಲ್ಲಿ ಕೊಳ್ಳುವವರ ತಪ್ಪೂ ಇದೆ. ಮಾದಲಿಗೆ ಕಂದು ಬಣ್ಣದ, ಗಟ್ಟಿಯಾದ, ಒಡೆದರೆ ಒಳಗೆ ಹರಳು ಕಾಣುವ, ನಾಲಿಗೆಗೆ ಉಪ್ಪು ಹತ್ತದ ಬೆಲ್ಲ ಉತ್ತಮ.

ಬೇಕಾಗುವ ಸಾಮಾನು

ಇಪ್ಪತ್ತರಿಂದ ಇಪ್ಪತ್ತೈದು ಎಲೆಗಳಿಗೆ ಸಾಕಾಗುವಷ್ಟು, ಅಂದರೆ ಸುಮಾರು ಎರಡೂವರೆ ಕಿಲೋ ಮಾದಲಿಗೆ ಈ ಲೆಕ್ಕ:

ಜವೆ ಗೋಧಿ 1 ಕಿಲೋ
ಕಡಲೆಬೇಳೆ 200 ಗ್ರಾಂ
ಅಕ್ಕಿ 100 ಗ್ರಾಂ
ಬೆಲ್ಲ 800 ಗ್ರಾಂ
ತುಪ್ಪ 100 ಗ್ರಾಂ (ಹಿಟ್ಟಿಗೆ), ಬಡಿಸಲು ಬೇರೆ
ಒಣಕೊಬ್ಬರಿ ತುರಿ 100 ಗ್ರಾಂ
ಪುಟಾಣಿ (ಹುರಿಗಡಲೆ) 100 ಗ್ರಾಂ
ಬಿಳಿ ಎಳ್ಳು 50 ಗ್ರಾಂ
ಗಸಗಸೆ 25 ಗ್ರಾಂ
ಏಲಕ್ಕಿ 10 ಗ್ರಾಂ
ಜಾಯಿಕಾಯಿ ಕಾಲು ಭಾಗ
ಒಣಶುಂಠಿ ಪುಡಿ ಒಂದು ಚಮಚ
ಉಪ್ಪು ಒಂದು ಚಿಟಿಕೆ

ಅನುಕೂಲವಿದ್ದವರು ಗೋಡಂಬಿ, ಒಣದ್ರಾಕ್ಷಿಗಳನ್ನು ತುಪ್ಪದಲ್ಲಿ ಹುರಿದು ಸೇರಿಸಬಹುದು. ಇಲ್ಲದಿದ್ದರೂ ಮಾದಲಿಗೆ ಏನೂ ಕೊರತೆಯಿಲ್ಲ. ಜವೆ ಗೋಧಿ ಸಿಗದಿದ್ದರೆ ದಪ್ಪ ಗೋಧಿರವೆ ಮೂರು ಪಾಲು, ಚಪಾತಿ ಹಿಟ್ಟು ಒಂದು ಪಾಲು ಬೆರೆಸಿ ಮಾಡಬಹುದು.

ಮಾಡುವ ಕ್ರಮ

ಹಿಟ್ಟು: ಗೋಧಿಯನ್ನು ಆರಿಸಿ, ಬಿಸಿಲಿಗೆ ಹಾಕಿ ಒಣಗಿಸಬೇಕು. ಕಡಲೆಬೇಳೆ ಮತ್ತು ಅಕ್ಕಿಯನ್ನು ಬಣ್ಣ ತಿರುಗದಂತೆ ಬೆಚ್ಚಗೆ ಹುರಿದು ಆರಿಸಿ, ಗೋಧಿಯ ಜೊತೆ ಸೇರಿಸಿ ಗಿರಣಿಗೆ ಕೊಡಬೇಕು. ನುಣ್ಣಗೆ ಬೀಸಿಸಬಾರದು. ಸಣ್ಣ ರವೆಯಂತೆ ತರಿತರಿಯಾಗಿರಲಿ ಎಂದು ಗಿರಣಿಯವನಿಗೆ ಮೊದಲೇ ಹೇಳಬೇಕು. ಹಿಂದೆ ಇದನ್ನು ಬೀಸುಕಲ್ಲಿನಲ್ಲಿ ಬೀಸುತ್ತಿದ್ದರು. ಬೀಸುಕಲ್ಲಿನ ಹಿಟ್ಟಿನಲ್ಲಿ ತರಿಯೂ ಪುಡಿಯೂ ಹದವಾಗಿ ಬೆರೆತಿರುತ್ತಿತ್ತು.

ಕಲೆಸುವುದು: ಹಿಟ್ಟಿಗೆ ಉಪ್ಪು ಹಾಕಿ, ತುಪ್ಪವನ್ನು ಬಿಸಿ ಮಾಡಿ ಸುರಿದು, ಎರಡೂ ಅಂಗೈಗಳಿಂದ ಚೆನ್ನಾಗಿ ತಿಕ್ಕಬೇಕು. ಮುಷ್ಟಿಯಲ್ಲಿ ಹಿಡಿದರೆ ಉಂಡೆ ನಿಂತು, ಬೆರಳಿನಿಂದ ಒತ್ತಿದರೆ ಉದುರುವ ಹದ ಬರಬೇಕು. ಆಮೇಲೆ ಬೆಚ್ಚನೆಯ ನೀರನ್ನು ಸ್ವಲ್ಪ ಸ್ವಲ್ಪವಾಗಿ ಚಿಮುಕಿಸಿ ಗಟ್ಟಿಯಾಗಿ ಕಲೆಸಬೇಕು. ಪೂರಿಯ ಹಿಟ್ಟಿಗಿಂತಲೂ ಗಟ್ಟಿ ಇರಬೇಕು. ಒದ್ದೆ ಬಟ್ಟೆ ಮುಚ್ಚಿ ಅರ್ಧ ಗಂಟೆ ಬಿಟ್ಟರೆ ತರಿಯು ನೀರು ಹೀರಿ ಮೆತ್ತಗಾಗುತ್ತದೆ.

ಬೇಯಿಸುವುದು: ನಿಂಬೆಹಣ್ಣಿಗಿಂತ ದೊಡ್ಡ ಉಂಡೆ ಮಾಡಿ, ಅಂಗೈ ಅಗಲಕ್ಕೆ, ಕಾಲು ಅಂಗುಲ ದಪ್ಪಕ್ಕೆ ಲಟ್ಟಿಸಬೇಕು. ಅಂಚು ಒಡೆದರೆ ಚಿಂತೆಯಿಲ್ಲ, ಹೇಗೂ ಕುಟ್ಟುವ ರೊಟ್ಟಿ. ಕಬ್ಬಿಣದ ಹಂಚಿನ ಮೇಲೆ ಸಣ್ಣ ಉರಿಯಲ್ಲಿ, ಎರಡೂ ಮಗ್ಗುಲನ್ನು ತಿರುವಿಹಾಕುತ್ತ, ಬಟ್ಟೆಯಿಂದ ಒತ್ತುತ್ತ ಬೇಯಿಸಬೇಕು. ಒಂದು ರೊಟ್ಟಿಗೆ ಎಂಟು ಹತ್ತು ನಿಮಿಷವಾದರೂ ಹಿಡಿಯುತ್ತದೆ. ಇಡೀ ಅಡಿಗೆಯಲ್ಲಿ ಹದ ತಪ್ಪುವ ಜಾಗ ಇದೇ. ಉರಿ ಜೋರಾದರೆ ಹೊರಗೆ ಕರಿಚುಕ್ಕೆ ಬಿದ್ದು ಒಳಗೆ ಹಸಿ ಉಳಿಯುತ್ತದೆ. ಕರಿಚುಕ್ಕೆ ಬಿದ್ದರೆ ಮಾದಲಿ ಕಹಿ. ಒಳಗೆ ಹಸಿ ಉಳಿದರೆ ಎರಡೇ ದಿನಕ್ಕೆ ವಾಸನೆ, ಉಂಡವರಿಗೆ ಹೊಟ್ಟೆನೋವು. ಒಂದು ರೊಟ್ಟಿ ಮುರಿದು ನೋಡಿ, ನಡುವೆ ಜಿಗುಟು ಇಲ್ಲದೆ ಪುಡಿಪುಡಿಯಾದರೆ ಬೆಂದಿದೆ ಎಂದು ಅರ್ಥ.

ಕುಟ್ಟುವುದು: ರೊಟ್ಟಿ ಬಿಸಿಯಿರುವಾಗಲೇ ಮುರಿದು ಒರಳಿಗೆ ಹಾಕಿ ಕುಟ್ಟಬೇಕು. ಆರಿದ ಮೇಲೆ ರೊಟ್ಟಿ ಕಲ್ಲಿನಂತಾಗುತ್ತದೆ. ಕುಟ್ಟಿದ್ದನ್ನು ದಪ್ಪ ಕಣ್ಣಿನ ಜರಡಿಯಲ್ಲಿ ಜರಡಿ ಹಿಡಿದು, ಮೇಲುಳಿದ ಚೂರನ್ನು ಮತ್ತೆ ಕುಟ್ಟಬೇಕು. ಮಿಕ್ಸರ್ ಇರುವವರು ಒಂದೇ ಸಮನೆ ತಿರುಗಿಸದೆ, ನಿಲ್ಲಿಸಿ ನಿಲ್ಲಿಸಿ ತಿರುಗಿಸಿದರೆ ತರಿ ಸಿಗುತ್ತದೆ. ಒಂದೇ ಸಲಕ್ಕೆ ತಿರುಗಿಸಿಬಿಟ್ಟರೆ ಹಿಟ್ಟಾಗಿ ಹೋಗುತ್ತದೆ.

ಬೆರೆಸುವುದು: ಎಳ್ಳು, ಗಸಗಸೆ, ಕೊಬ್ಬರಿಗಳನ್ನು ಬೇರೆಬೇರೆಯಾಗಿ ಹುರಿಯಬೇಕು. ಇವು ಹುರಿಯಲು ತೆಗೆದುಕೊಳ್ಳುವ ಹೊತ್ತು ಬೇರೆಬೇರೆ. ಒಟ್ಟಿಗೆ ಹಾಕಿದರೆ ಗಸಗಸೆ ಸೀದು, ಎಳ್ಳು ಹಸಿ ಉಳಿಯುತ್ತದೆ. ಪುಟಾಣಿಯಲ್ಲಿ ಅರ್ಧವನ್ನು ಪುಡಿ ಮಾಡಿ, ಅರ್ಧವನ್ನು ಇಡಿಯಾಗಿ ಇಟ್ಟುಕೊಳ್ಳಬೇಕು. ಬೆಲ್ಲವನ್ನು ಸಣ್ಣಗೆ ಹೆರೆದು, ಪರಾತದಲ್ಲಿ ಹರಡಿದ ರೊಟ್ಟಿಯ ತರಿ ಉಗುರುಬೆಚ್ಚಗಿರುವಾಗ ಸೇರಿಸಿ ಕೈಯಿಂದ ತಿಕ್ಕಬೇಕು. ಆ ಬಿಸಿಗೆ ಬೆಲ್ಲ ತುಸು ಮೆತ್ತಗಾಗಿ ಪ್ರತಿ ತರಿಗೂ ಹತ್ತಿಕೊಳ್ಳುತ್ತದೆ. ತರಿ ತೀರ ಬಿಸಿಯಿದ್ದರೆ ಬೆಲ್ಲ ಕರಗಿ ಉಂಡೆಗಟ್ಟುತ್ತದೆ, ತೀರ ತಣ್ಣಗಾಗಿದ್ದರೆ ಬೇರೆಯಾಗಿ ನಿಲ್ಲುತ್ತದೆ. ಕೊನೆಗೆ ಏಲಕ್ಕಿ, ಜಾಯಿಕಾಯಿ, ಶುಂಠಿಗಳ ಪುಡಿ ಮತ್ತು ಉಳಿದೆಲ್ಲವನ್ನೂ ಬೆರೆಸಿ, ಪೂರ್ತಿ ಆರಿದ ಮೇಲೆ ಡಬ್ಬಿಗೆ ತುಂಬಬೇಕು.

ಬಡಿಸುವುದು: ಎಲೆಯ ಮೇಲೆ ಎರಡು ಮುಷ್ಟಿ ಮಾದಲಿ ಹಾಕಿ, ನಡುವೆ ಗುಳಿ ಮಾಡಿ ಮೊದಲು ತುಪ್ಪ, ಆಮೇಲೆ ಬಿಸಿ ಹಾಲು. ಹಾಲು ಬಿದ್ದ ಮೇಲೆ ಎರಡು ನಿಮಿಷ ತಾಳ್ಮೆಯಿಂದ ಬಿಟ್ಟು ಉಂಡರೆ ರುಚಿ. ಎಮ್ಮೆಯ ಹಾಲಾದರೆ ಇನ್ನೂ ಚೆನ್ನ.

ಮಲೆನಾಡಿನವರು ಗಮನಿಸಬೇಕಾದ್ದು

ಬಯಲುಸೀಮೆಯ ಅಡಿಗೆಯನ್ನು ನಮ್ಮ ಹವೆಯಲ್ಲಿ ಮಾಡುವಾಗ ಕೆಲವು ಎಚ್ಚರಿಕೆಗಳು ಅಗತ್ಯ.

ಮೊದಲನೆಯದಾಗಿ, ನಮ್ಮ ಮನೆಗಳಲ್ಲಿರುವ ಜೋನಿಬೆಲ್ಲ ಇದಕ್ಕೆ ಆಗದು. ದೋಸೆಗೆ ಅದರಂಥದ್ದು ಬೇರಿಲ್ಲ, ನಿಜ. ಆದರೆ ಅದರ ನೀರಿನಂಶ ಮಾದಲಿಯನ್ನು ಮುದ್ದೆ ಮಾಡಿ ಬೇಗ ಹುಳಿಯಿಸುತ್ತದೆ. ಅಚ್ಚುಬೆಲ್ಲವೇ ಬೇಕು. ಎರಡನೆಯದಾಗಿ, ಹಸಿ ತೆಂಗಿನಕಾಯಿ ತುರಿ ಹಾಕುವ ಅಭ್ಯಾಸವನ್ನು ಇಲ್ಲಿ ಬಿಡಬೇಕು. ಒಣಕೊಬ್ಬರಿಯನ್ನೇ ಹುರಿದು ಹಾಕಬೇಕು. ಮೂರನೆಯದಾಗಿ, ಮಳೆಗಾಲದಲ್ಲಿ ಹತ್ತು ದಿನ ಇಡುವ ಆಸೆ ಬೇಡ. ನಮ್ಮ ಆಷಾಢ ಶ್ರಾವಣಗಳ ಥಂಡಿಗೆ ಅಡಿಕೆಯೇ ಬೂಸಲು ಹಿಡಿಯುವಾಗ ಮಾದಲಿ ಉಳಿಯುತ್ತದೆಯೇ? ಆ ಕಾಲದಲ್ಲಿ ಕಾಲು ಪಾಲು ಮಾಡಿ ಮೂರು ನಾಲ್ಕು ದಿನಕ್ಕೆ ಮುಗಿಸಬೇಕು. ಬೇಸಗೆಯಲ್ಲಾದರೆ ಬಿಗಿ ಮುಚ್ಚಳದ ಡಬ್ಬಿಯಲ್ಲಿ ವಾರದವರೆಗೆ ಇಡಬಹುದು. ಒದ್ದೆ ಚಮಚ ಹಾಕಬಾರದು.

ಜಾಯಿಕಾಯಿ ನಮ್ಮ ಅಡಿಕೆ ತೋಟದ ಮಿಶ್ರ ಬೆಳೆ, ಮನೆಯಲ್ಲಿ ಬೇಕಾದಷ್ಟಿರುತ್ತದೆ. ಹಾಗೆಂದು ಧಾರಾಳವಾಗಿ ಹಾಕಬಾರದು. ಹೆಚ್ಚಾದರೆ ಅದು ಮತ್ತು ತರುವ, ಮೈಗೆ ಕೆಡುಕಾಗುವ ವಸ್ತು. ಮೇಲೆ ಹೇಳಿದ ಅಳತೆಗೆ ಕಾಲು ಕಾಯಿ ಧಾರಾಳ.

ಸಕ್ಕರೆ ರೋಗದವರಿಗೂ ಒಂದು ಮಾತು. ಜವೆ ಗೋಧಿ ಮಧುಮೇಹಿಗಳಿಗೆ ಒಳ್ಳೆಯದೆಂದು ಪೇಟೆಯಲ್ಲಿ ಜಾಹೀರಾತು ಬಹಳ. ಗೋಧಿ ಯಾವುದಾದರೂ ಬೆಲ್ಲ ಬೆಲ್ಲವೇ. ಅವರು ರುಚಿ ನೋಡಿ ಸುಮ್ಮನಾಗುವುದು ಕ್ಷೇಮ. ಗೋಧಿಯ ಅಂಟು ಒಗ್ಗದ ಕಾಯಿಲೆ ಇರುವವರು ಜವೆ ಗೋಧಿಯನ್ನೂ ಮುಟ್ಟಬಾರದು. ಅದರಲ್ಲೂ ಆ ಅಂಟು ಇದೆ.

ಮಾಡುವವರು ಯಾರು?

ಒಂದು ಕಿಲೋ ಗೋಧಿಯ ಮಾದಲಿಗೆ ಕಲೆಸುವುದು, ಬೇಯಿಸುವುದು, ಕುಟ್ಟುವುದು ಸೇರಿ ಇಬ್ಬರು ಹೆಂಗಸರಿಗೆ ಅರ್ಧ ದಿನದ ಕೆಲಸ. ಆ ಸೀಮೆಯ ಹೆಂಗಸರು ಹೊಲದಲ್ಲೂ ದುಡಿಯುತ್ತಾರೆ, ನಿಪ್ಪಾಣಿಯಲ್ಲಿ ಬೀಡಿ ಕಟ್ಟಿ ಸಂಸಾರ ತೂಗಿಸಿದವರೂ ಬಹಳ. ಅವರ ಸೊಸೆಯರು ಮಾದಲಿ ಕುಟ್ಟುವ ಬದಲು ಪೇಟೆಯಿಂದ ಮೈಸೂರುಪಾಕು, ಜಿಲೇಬಿ ತರಿಸಿದರೆ ಅವರನ್ನು ದೂರುವಂತಿಲ್ಲ. ಹಿಂದೆ ಮದುವೆಯ ಮಾದಲಿಯನ್ನು ಓಣಿಯ ಹೆಂಗಸರೆಲ್ಲ ಕೂಡಿ ಮಾಡುತ್ತಿದ್ದರು. ಇಂದು ಒಬ್ಬಳ ಕೈಗೆ ಬಿಟ್ಟರೆ ಅದು ಹಬ್ಬವಲ್ಲ, ದಂಡ. ಒರಳಿನ ಮುಂದೆ ಮನೆಯ ಗಂಡಸರೂ ಒನಕೆ ಹಿಡಿಯಲಿ. ಅಡಿಕೆ ಸುಲಿಯಲು ಇಡೀ ಮನೆ ಕೂರುವಾಗ ಮಾದಲಿ ಕುಟ್ಟಲು ಕೂರಬಾರದೇಕೆ?

ಉಣ್ಣುವ ಬೆಳೆ, ಮಾರುವ ಬೆಳೆ

ಈಗ ಬೆಳೆಯ ಮಾತು. ನಾವು ಕಾಫಿ, ಅಡಿಕೆಯವರು ಬೆಳೆಯುವುದು ಮಾರುವುದಕ್ಕೆ. ಕಣಜದಲ್ಲಿರುವ ಅಡಿಕೆಯನ್ನು ಬೇಯಿಸಿ ಹೊಟ್ಟೆ ತುಂಬಿಸಿಕೊಳ್ಳಲು ಬರುವುದಿಲ್ಲ. ದರ ಬಿದ್ದರೆ ನಾವೂ ಬಿದ್ದಂತೆಯೇ. ಎಪ್ಪತ್ತರ ದಶಕದ ಆರಂಭದಲ್ಲಿ ಅಡಿಕೆ ದರ ಕುಸಿದಾಗ ಬೆಳೆಗಾರರು ಒಂದಾಗಬೇಕಾಯಿತು, 1973ರಲ್ಲಿ ಕ್ಯಾಂಪ್ಕೋ ಹುಟ್ಟಿತು. 1989ರಲ್ಲಿ ಅಂತರರಾಷ್ಟ್ರೀಯ ಕಾಫಿ ಒಪ್ಪಂದದ ಕೋಟಾ ವ್ಯವಸ್ಥೆ ಮುರಿದುಬಿದ್ದು ಜಗತ್ತಿನ ಕಾಫಿ ದರ ನೆಲ ಕಚ್ಚಿದ್ದನ್ನು ಹಿರಿಯ ಸದಸ್ಯರು ಮರೆತಿರಲಾರರು.

ನಿಪ್ಪಾಣಿಯ ತಂಬಾಕಿನವರ ಸ್ಥಿತಿಯೂ ನಮ್ಮಂತೆಯೇ. 1981ರಲ್ಲಿ ಅಲ್ಲಿಯ ಬೆಳೆಗಾರರು ನ್ಯಾಯವಾದ ಬೆಲೆಗಾಗಿ ಶರದ್ ಜೋಶಿಯವರ ನಾಯಕತ್ವದಲ್ಲಿ ಹೆದ್ದಾರಿಯ ಮೇಲೆ ಕುಳಿತರು. ಆ ವರ್ಷದ ಏಪ್ರಿಲಿನಲ್ಲಿ ನಡೆದ ಗೋಲಿಬಾರಿನಲ್ಲಿ ರೈತರು ಪ್ರಾಣ ತೆತ್ತರು. ಮನೆಯಲ್ಲಿ ಉಣ್ಣಲು ಬಾರದ, ಕೊಳ್ಳುವವನೇ ದರ ಹೇಳುವ ಬೆಳೆಯನ್ನು ನೆಚ್ಚಿದವರ ಕಷ್ಟ ಎಷ್ಟು ದೂರ ಹೋಗಬಲ್ಲದು ಎಂಬುದಕ್ಕೆ ಬೇರೆ ಉದಾಹರಣೆ ಬೇಕಿಲ್ಲ.

ಗೋಧಿಯವನಿಗೆ ಇನ್ನೊಂದು ದಾರಿಯಿದೆ. ದರ ಬಂದರೆ ಮಾರಬಹುದು, ಬಾರದಿದ್ದರೆ ಉಣ್ಣಬಹುದು. ಆದರೆ ಜವೆ ಗೋಧಿಯಂಥ ವಿಶೇಷ ಧಾನ್ಯವನ್ನು ದಿನದ ಚಪಾತಿಗೆಂದು ಯಾರೂ ಬೆಳೆಯುವುದಿಲ್ಲ. ಅದನ್ನು ಉಳಿಸಿರುವುದು ಶಾವಿಗೆ, ಹುಗ್ಗಿ, ಮಾದಲಿಗಳು. ಆ ಅಡಿಗೆಗಳು ನಿಂತರೆ ಗೋಧಿಯನ್ನು ಕೇಳುವವರಿಲ್ಲ, ಕೇಳುವವರಿಲ್ಲದಿದ್ದರೆ ಬಿತ್ತುವವರಿಲ್ಲ. ವಿಶ್ವವಿದ್ಯಾನಿಲಯದ ಬೀಜ ಪೊಟ್ಟಣದಲ್ಲೇ ಉಳಿಯುತ್ತದೆ. ನಮ್ಮ ಕಡೆಯ ಹಳೆಯ ಭತ್ತದ ತಳಿಗಳು ಹೀಗೆಯೇ ಹೋದವು. ಕೊಟ್ಟೆ ಕಡುಬಿಗೊಂದು, ಅವಲಕ್ಕಿಗೊಂದು, ಪಾಯಸಕ್ಕೊಂದು ಎಂದು ಭತ್ತ ಬೆಳೆಯುತ್ತಿದ್ದ ಗದ್ದೆಗಳಲ್ಲಿ ಅನೇಕವು ಇಂದು ಅಡಿಕೆ ತೋಟಗಳಾಗಿವೆ. ಅಡಿಗೆ ಮೊದಲು ನಿಂತಿತೋ ಭತ್ತ ಮೊದಲು ನಿಂತಿತೋ ಹೇಳುವುದು ಕಷ್ಟ, ಎರಡೂ ಜೊತೆಯಾಗಿಯೇ ಹೋದವು.

ಆದ್ದರಿಂದ ಸದಸ್ಯರ ಮುಂದೆ ಒಂದು ಸಲಹೆ ಇಡುತ್ತೇವೆ. ಸಂಘದ ಮಳಿಗೆಗೆ ಹಬ್ಬದ ಕಾಲದಲ್ಲಿ ಸಕ್ಕರೆ, ಮೈದಾ ತರಿಸುವಂತೆ, ಹೊಸ ಗೋಧಿ ಬರುವ ಮಾರ್ಚಿಯಲ್ಲಿ ಒಂದಿಷ್ಟು ಜವೆ ಗೋಧಿಯನ್ನೂ, ಹೈಡ್ರೋಸ್ ಹಾಕದ ಅಚ್ಚುಬೆಲ್ಲವನ್ನೂ ಆ ಭಾಗದ ಸಹಕಾರ ಸಂಘಗಳ ಮೂಲಕ ನೇರವಾಗಿ ತರಿಸಬಹುದು. ನಮ್ಮ ಏಲಕ್ಕಿ, ಜಾಯಿಕಾಯಿ, ಕಾಳುಮೆಣಸನ್ನು ಸಣ್ಣ ಪೊಟ್ಟಣಗಳಲ್ಲಿ ಅವರ ಮಳಿಗೆಗಳಿಗೆ ಕಳಿಸಬಹುದು. ಇಬ್ಬರು ಬೆಳೆಗಾರರ ನಡುವೆ ನಾಲ್ಕು ಕೈ ಬದಲಾಗುವುದು ತಪ್ಪುತ್ತದೆ. ಲಾಭ ದೊಡ್ಡದಿರಲಾರದು. ಆದರೆ ಇದು ಉಪಕಾರದ ಮಾತಲ್ಲ, ವ್ಯಾಪಾರದ ಮಾತು. ಒಬ್ಬೊಬ್ಬ ಸದಸ್ಯರು ಐದು ಕಿಲೋ ಗೋಧಿ ಕೇಳಿದರೂ ಅಥಣಿಯ ಒಬ್ಬ ಸಣ್ಣ ರೈತ ಕಬ್ಬಿನ ಪಕ್ಕದಲ್ಲಿ ಅರ್ಧ ಎಕರೆ ಗೋಧಿ ಬಿತ್ತಲು ಧೈರ್ಯ ಮಾಡಬಹುದು. ಬೇಕೆನ್ನುವವರು ತಮ್ಮ ಹೆಸರು, ಬೇಕಾದ ತೂಕವನ್ನು ಮಳಿಗೆಯ ಪುಸ್ತಕದಲ್ಲಿ ಬರೆಸಬೇಕೆಂದು ಕೋರುತ್ತೇವೆ. ಸಾಕಷ್ಟು ಬೇಡಿಕೆ ಕಂಡರೆ ವಿಷಯವನ್ನು ಆಡಳಿತ ಮಂಡಳಿಯ ಸಭೆಗೆ ತರಲಾಗುವುದು.

ಅಲ್ಲಿಯವರೆಗೆ ಸಿಕ್ಕ ಗೋಧಿಯಲ್ಲೇ ಒಮ್ಮೆ ಮಾಡಿ ನೋಡಿ. ಕಾಫಿ ಕೊಯ್ಲು ಮುಗಿಯುವ ದಿನ ಆಳುಗಳಿಗೆ ಊಟ ಹಾಕುವ ಪದ್ಧತಿ ಹಲವು ತೋಟಗಳಲ್ಲಿದೆ. ಬಯಲುಸೀಮೆಯ ಕಡೆಯಿಂದ ಬಂದು ಎರಡು ಮೂರು ತಿಂಗಳು ನಮ್ಮ ಗಿಡಗಳ ನಡುವೆ ದುಡಿದವರೂ ಆ ಪಂಕ್ತಿಯಲ್ಲಿರುತ್ತಾರೆ. ಆ ದಿನ ಪಾಯಸದ ಬದಲು ಮಾದಲಿ ಬಡಿಸಿದರೆ, ಹಾಲು ಎಷ್ಟು ಬೇಕು, ತುಪ್ಪ ಯಾವಾಗ ಬೀಳಬೇಕು ಎಂದು ನಮಗಿಂತ ಚೆನ್ನಾಗಿ ಅವರೇ ಹೇಳಿಕೊಟ್ಟಾರು.